ರುವೈಸ್ ದಾರಿಯ ಜಪಾನಿ ಹಾಡುಗಳು

ಜಪಾನಿಯರ ಕಂಪನಿಯಲ್ಲಿ ಕೆಲಸ ಮಾಡಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾದ್ದಿಲ್ಲ. ಅವರು ನಗುವುದು ಕಡಿಮೆ. ಹಾಗಾಗಿ ಆ ಕೆಲಸವೆಲ್ಲ ನಮ್ಮ ಪಾಲಿಗೇ ಬೀಳುತ್ತದೆ, ಅದೂ ವಾರಕ್ಕೆ ಎರಡು ಸಲವಾದರೂ.

ನಮ್ಮದು ರಿಫೈನರಿಗಳಿಗೆ ಪಂಪು, ವಾಲ್ವು ಕೂರಿಸಿಕೊಡುವ ಸಣ್ಣ ಕಂಪನಿ. ಆಫೀಸು ದುಬೈಯ ಅಲ್ ಮುರಕ್ಕಬಾತಿನಲ್ಲಿ, ಒಂದು ಶವರ್ಮಾ ಅಂಗಡಿಯ ಮೇಲೆ. ಕೆಲಸ ನಡೆಯುತ್ತಿದ್ದದ್ದು ಅಬುಧಾಬಿಯನ್ನೂ ದಾಟಿ ಆಚೆ, ರುವೈಸಿನಲ್ಲಿ. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಯಾವ ಡ್ರಾಯಿಂಗ್ ಎಷ್ಟು ಸಲ ತಿದ್ದಿಸಿಕೊಂಡಿದೆ, ಈಗ ಅದು ಯಾರ ಮೇಜಿನ ಮೇಲಿದೆ ಎಂದು ನೋಡಿಕೊಳ್ಳುವವನು. ಪ್ರತಿ ಭಾನುವಾರ ಬೆಳಿಗ್ಗೆ ಡ್ರಾಯಿಂಗಿನ ಸುರುಳಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕಂಪನಿಯ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಪಠಾಣ್ ಡ್ರೈವರ್. ಹಿಂದಿನ ಸೀಟಿನಲ್ಲಿ ನಮ್ಮ ಜಪಾನಿ ಮ್ಯಾನೇಜರ್. ಸೋಮವಾರ ಸಂಜೆ ಅದೇ ಕಾರಿನಲ್ಲಿ ವಾಪಸ್ಸು.

ಮ್ಯಾನೇಜರ್ ಐವತ್ತೈದು ದಾಟಿದವರು, ತೆಳ್ಳಗಿನ ಮನುಷ್ಯ. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಜೇಬಿನಲ್ಲಿ ಮಡಚಿಟ್ಟ ಪುಟ್ಟ ಟವೆಲ್ಲು. ಜಪಾನಿಯರ ನಾಲಿಗೆಗೆ ‘ಭಟ್’ ಎಂದು ಹೇಳಿ ಅಲ್ಲಿಗೇ ನಿಲ್ಲಲು ಬರುವುದಿಲ್ಲ, ಬಾಲಕ್ಕೆ ಒಂದು ಒಕಾರ ಅಂಟಿಸುತ್ತಾರೆ. ಹಾಗೆ, ‘ಅವರೇ’ ಎನ್ನುವ ಅವರ ‘ಸಾನ್’ ಸೇರಿ, ನಾನು ‘ಬತ್ತೊ-ಸಾನ್’ ಆಗಿದ್ದೆ. ಊರಲ್ಲಿ ಬತ್ತವೆಂದರೆ ಬೇರೆ ಎಂದು ನಾನು ಹೇಳಲು ಹೋಗಲಿಲ್ಲ.

ಈ ಮ್ಯಾನೇಜರಿಗೆ ಒಂದೇ ಒಂದು ಚಟ. ಅವರ ಯೌವನದಲ್ಲಿ ಹೆಸರು ಮಾಡಿದ ಒಬ್ಬ ಹಾಡುಗಾರ. ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುವವರು. ವಯಸ್ಸಾದ ಮೇಲೂ ಹಾಡು ಬಿಟ್ಟಿರಲಿಲ್ಲ. ನಾನು ಈಗ ಹೇಳುವ ಪ್ರಸಂಗಗಳೆಲ್ಲ ಅವರ ಹಾಡುಗಳಿಂದ ಆದವು. ಪಾಪ, ಆ ಹಾಡುಗಾರರಿಗೆ ಇದೊಂದೂ ಗೊತ್ತಿಲ್ಲ.

ಸಿಕ್ಕಿಹಾಕಿಕೊಂಡ ಸಿಡಿ

ಒಮ್ಮೆ ಮ್ಯಾನೇಜರ್ ರಜೆ ಮುಗಿಸಿ ಬರುವಾಗ ಒಂದು ಸಿಡಿ ತಂದರು. ಹನ್ನೆರಡು ಹಾಡು. ಭಾನುವಾರ ಕಾರು ಹೊರಟ ಕೂಡಲೇ ಎರಡೂ ಕೈಯಲ್ಲಿ ಹಿಡಿದು ಡ್ರೈವರನಿಗೆ ಕೊಟ್ಟರು. ಡ್ರೈವರ್ ಅದನ್ನು ಪ್ಲೇಯರಿಗೆ ತುರುಕಿದ. ಹಾಡು ಬಂತು. ರುವೈಸ್ ಮುಟ್ಟಿದ ಮೇಲೆ ತೆಗೆಯಲು ಹೋದರೆ ಸಿಡಿ ಹೊರಗೆ ಬರಲಿಲ್ಲ. ಗುಂಡಿ ಒತ್ತಿದರೆ ಒಳಗೇ ಕರಕರ ಎಂದು ಒಂದು ಸುತ್ತು ಹೊಡೆದು ಮತ್ತೆ ಮೊದಲ ಹಾಡಿನಿಂದ ಶುರುಮಾಡುತ್ತಿತ್ತು.

ಗ್ಯಾರೇಜಿನವನು ನೋಡಿ, ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ನಾಲ್ಕು ದಿನ ಕಾರು ಬಿಟ್ಟುಹೋಗಿ ಎಂದ. ಮ್ಯಾನೇಜರ್ ಬಹಳ ಗಂಭೀರವಾಗಿ ಯೋಚಿಸಿ, “ತುರ್ತು ಏನಿಲ್ಲ” ಎಂದರು.

ಆ ತುರ್ತಿಲ್ಲದ ಕೆಲಸ ಒಂದೂವರೆ ವರ್ಷ ಆಗಲೇ ಇಲ್ಲ. ಹೋಗುವಾಗ ಮೂರೂವರೆ ಗಂಟೆ, ಬರುವಾಗ ಮೂರೂವರೆ ಗಂಟೆ, ಅದೇ ಹನ್ನೆರಡು ಹಾಡು. ಪಠಾಣ್ ಡ್ರೈವರ್ ಮೊದಮೊದಲು ತಲೆ ಚಚ್ಚಿಕೊಂಡ. “ಭಟ್ ಭಾಯಿ, ಈ ಹಾಡುವ ಮನುಷ್ಯನಿಗೆ ಯಾರೋ ಬಹಳ ಅನ್ಯಾಯ ಮಾಡಿದ್ದಾರೆ. ಅದಕ್ಕೆ ನಾನೇನು ಮಾಡಬೇಕು?” ಎಂದು ನನ್ನನ್ನು ಕೇಳುತ್ತಿದ್ದ. ಮೂರು ತಿಂಗಳಾದ ಮೇಲೆ ಸುಮ್ಮನಾದ. ಆರು ತಿಂಗಳಿಗೆ ಹಾಡುಗಾರನಿಗೆ ‘ಉಸ್ತಾದ್’ ಎಂದು ಹೆಸರಿಟ್ಟ. ಅಷ್ಟು ಹೊತ್ತಿಗೆ ಅವನು ಕಿಲೋಮೀಟರಿನ ಬೋರ್ಡು ನೋಡುವುದನ್ನೇ ಬಿಟ್ಟಿದ್ದ. ಸೈಟಿನಿಂದ ಇಂಜಿನಿಯರ್ ಫೋನ್ ಮಾಡಿ “ಎಲ್ಲಿದ್ದೀರಿ?” ಎಂದು ಕೇಳಿದರೆ, “ಮೂರನೇ ಸುತ್ತು, ಐದನೇ ಹಾಡು” ಎನ್ನುತ್ತಿದ್ದ. ಆ ಕಡೆಯಿಂದ ಇಂಜಿನಿಯರ್ ಅಷ್ಟೇ ಸಹಜವಾಗಿ, “ಹಾಗಾದರೆ ಇನ್ನು ಒಂದೂಕಾಲು ಗಂಟೆ” ಎಂದು ಫೋನ್ ಇಡುತ್ತಿದ್ದರು.

ಕಡೆಗೆ ಕಂಪನಿ ಹೊಸ ಕಾರು ಕೊಟ್ಟಿತು. ಡ್ರೈವರನಿಗೆ ಬಿಡುಗಡೆಯಾಯಿತು ಎಂದು ನಾನು ಅಭಿನಂದಿಸಿದೆ. ಮೊದಲ ಭಾನುವಾರ ಕಾರಿನೊಳಗೆ ಪೂರ್ತಿ ಮೌನ. ಹಿಂದೆ ಮ್ಯಾನೇಜರ್ ನಿದ್ದೆಹೋದರು, ನನಗೂ ಜೊಂಪು. ಎಚ್ಚರಾಗಿ ನೋಡಿದರೆ ರುವೈಸಿನ ತಿರುವು ಹಿಂದೆ ಹೋಗಿ ಎಷ್ಟೋ ಹೊತ್ತಾಗಿತ್ತು, ನಾವು ಸೌದಿ ಗಡಿಯ ಕಡೆಗೆ ಹೊರಟಿದ್ದೆವು. “ಏನು ಖಾನ್ ಸಾಬ್ ಇದು?” ಎಂದೆ. ಅವನು ಬಹಳ ನೊಂದುಕೊಂಡು ಹೇಳಿದ: “ಉಸ್ತಾದ್ ಹಾಡದೆ ರುವೈಸ್ ಬಂತು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಅಮ್ಮನ ಭಜನೆ

ಹೊಸ ಕಾರಿನಲ್ಲಿ ಹಾಡು ಕೇಳಲು ಮ್ಯಾನೇಜರ್ ಆ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ ತಂದರು. ನನಗೂ ಒಂದು ಪ್ರತಿ ಕೊಟ್ಟರು. ನಾನೇನೂ ಬೇಕೆಂದು ಕೇಳಿರಲಿಲ್ಲ. ಆದರೆ ಮನೆಗೆ ತಂದು ಹಾಕಿದಾಗ, ಸುಳ್ಳು ಯಾಕೆ ಹೇಳಲಿ, ಹಾಯಾಯಿತು. ಅರ್ಥ ಗೊತ್ತಿಲ್ಲದ ಹಾಡಿನಲ್ಲಿ ಒಂದು ಅನುಕೂಲವಿದೆ. ನಮಗೆ ಬೇಕಾದ ದುಃಖವನ್ನು ಅದರೊಳಗೆ ಇಟ್ಟುಕೊಳ್ಳಬಹುದು.

ಆಗ ನಮ್ಮ ಮನೆ ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ. ಕುಂದಾಪುರದಿಂದ ಅಮ್ಮ ವಿಸಿಟ್ ವೀಸಾದಲ್ಲಿ ಮೂರು ತಿಂಗಳಿಗೆ ಬಂದಿದ್ದರು. ಒಂದು ಸಂಜೆ ಅವರು ದೇವರಿಗೆ ದೀಪ ಹಚ್ಚಿ ಬರುವ ಹೊತ್ತಿಗೆ ನಾಲ್ಕನೆಯ ಹಾಡು ಶುರುವಾಗಿತ್ತು. ನಿಧಾನದ ಹಾಡು. ನಡುನಡುವೆ ಸಣ್ಣದೊಂದು ಗಂಟೆ, ಹಿಂದೆ ನಾಲ್ಕೈದು ಜನ ಸೇರಿ ಹಾಡುವ ದನಿ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಚಾಪೆಯ ಮೇಲೆ ಕೂತರು.

“ಇದ್ ಯಾವ್ ದೇವ್ರ್ ಭಜನಿ ಮಾಣಿ?”

“ಅಮ್ಮ, ಇದು ಜಪಾನಿನದ್ದು.”

“ಹಂಗಾರೆ ಬುದ್ಧ ದೇವ್ರದ್ದ್ ಆಯ್ಕ್” ಎಂದು ಕೈ ಮುಗಿದರು.

ಅಲ್ಲ ಎಂದು ಹೇಳಬೇಕಾಗಿತ್ತು. ಆದರೆ ಏನೆಂದು ನನಗೂ ಗೊತ್ತಿರಲಿಲ್ಲ. ಮರುದಿನದಿಂದ ದೀಪ ಹಚ್ಚಿದ ಮೇಲೆ ಆ ಹಾಡು ಕಡ್ಡಾಯವಾಯಿತು. ಮೇಲಿನ ಮಹಡಿಯ ಮಂಗಳೂರಿನ ಇಬ್ಬರು ಹೆಂಗಸರೂ ಬಂದು ಕೂರತೊಡಗಿದರು. ಒಬ್ಬರು ತಾಳ ತಂದರು. ಮೈಸೂರಿನವಳಾದ ನನ್ನ ಹೆಂಡತಿ ಅಡುಗೆಮನೆಯಿಂದ ನನ್ನನ್ನು ನೋಡಿ, “ರೀ, ಇದು ಎಲ್ಲಿಗೆ ಹೋಗಿ ನಿಲ್ಲುತ್ತೋ” ಎಂದಳು.

ಅದು ಮ್ಯಾನೇಜರವರೆಗೂ ಹೋಯಿತು, ಅವರು ನಮ್ಮ ಮನೆಗೆ ಊಟಕ್ಕೆ ಬಂದ ಶುಕ್ರವಾರ. ಅಮ್ಮ ಅವರಿಗೆ ಗೋಳಿಬಜೆ ಬಡಿಸಿ, ಅತಿಥಿಯ ದೇವರಿಗೆ ಮರ್ಯಾದೆ ಕೊಡಬೇಕೆಂದು ಆ ಹಾಡು ಹಾಕಿಸಿ, ಕಣ್ಣುಮುಚ್ಚಿ ಕೈಮುಗಿದು ನಿಂತರು. ಮ್ಯಾನೇಜರ್ ಗೋಳಿಬಜೆಯನ್ನು ಮೆಲ್ಲಗೆ ತಟ್ಟೆಗೆ ಇಟ್ಟು, ಮೊಣಕಾಲೂರಿ ನೇರವಾಗಿ ಕೂತರು. ಹಾಡು ಮುಗಿಯುವವರೆಗೆ ಅಲುಗಾಡಲಿಲ್ಲ.

ಕೆಳಗೆ ಕಾರಿನವರೆಗೆ ಬಿಡಲು ಹೋದಾಗ ಕೇಳಿದೆ: “ಸರ್, ಆ ಹಾಡಿನ ಅರ್ಥ ಏನು?”

ಅವರು ಇಂಗ್ಲಿಷಿನಲ್ಲಿ ಮಾತಾಡುವಾಗ ಒಂದೊಂದೇ ವಾಕ್ಯವನ್ನು ಎಣಿಸಿ ಇಡುತ್ತಿದ್ದರು. “ಒಬ್ಬ ಮನುಷ್ಯ. ಹೆಂಡತಿ ಬಿಟ್ಟು ಹೋದಳು. ಅವನಿಗೆ ವಾಷಿಂಗ್ ಮಷೀನ್ ಓಡಿಸಲು ಬರುವುದಿಲ್ಲ. ನೊರೆ ಉಕ್ಕಿ ಹೊರಗೆ ಬರುತ್ತದೆ.” ಕಾರಿನ ಬಾಗಿಲು ತೆಗೆದು, “ಬಹಳ ನೊರೆ” ಎಂದರು.

ಮೇಲೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. “ಎಂತ ಅಂದ್ರ್ ಅವ್ರ್? ಯಾವ್ ದೇವ್ರ್ ಅಂಬ್ರ್?” ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

“ಹೆಂಡ್ತಿ ಬಿಟ್ಟ್ ಹೋದ್ ಮೇಲೆ ಗಂಡಸ್ರಿಗೆ ದೇವ್ರ್ ನೆನಪಾಪ್ದ್. ನೀ ಸುಮ್ನೆ ಇರ್, ಅದ್ ಭಜನಿಯೇ” ಎಂದು ಒಳಗೆ ಹೋದರು. ಊರಿಗೆ ಹೊರಡುವ ದಿನದವರೆಗೂ ತಾಳ ನಿಲ್ಲಲಿಲ್ಲ.

ಉಸ್ತಾದ್ ತೀರಿಕೊಂಡದ್ದು

ರುವೈಸಿನಲ್ಲಿ ನಾವು ಉಳಿಯುತ್ತಿದ್ದದ್ದು ಕಂಪನಿಯ ಗೆಸ್ಟ್‌ಹೌಸಿನಲ್ಲಿ. ಭಾನುವಾರ ಸಂಜೆ ಚಹಾ ಹೊತ್ತಿಗೆ ಮ್ಯಾನೇಜರ್ ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಜಪಾನಿನ ಟೀವಿ ಧಾರಾವಾಹಿ ನೋಡುತ್ತಿದ್ದರು. ಅವರ ಮೆಚ್ಚಿನ ಹಾಡುಗಾರರು ನಟರೂ ಹೌದು, ಅದರಲ್ಲಿ ಪಾತ್ರ ಮಾಡುತ್ತಾರೆ ಎಂಬುದು ಆವರೆಗೆ ನಮಗೆ ಗೊತ್ತಿರಲಿಲ್ಲ. ನಮ್ಮ ಮಟ್ಟಿಗೆ ಉಸ್ತಾದ್ ಒಂದು ದನಿ, ಮತ್ತು ಸಿಡಿಯ ರಟ್ಟಿನ ಮೇಲಿದ್ದ ದಪ್ಪ ಹುಬ್ಬಿನ ಒಂದು ಮುಖ.

ಒಂದು ದಿನ ಡ್ರೈವರ್ ಕಾರಿನ ಕೀಲಿ ಕೊಡಲು ಹಾಲಿಗೆ ಹೋದ. ಲ್ಯಾಪ್‌ಟಾಪಿನಲ್ಲಿ ಆಸ್ಪತ್ರೆಯ ಮಂಚ. ಮಂಚದ ಮೇಲೆ ಅದೇ ಹುಬ್ಬು. ಸುತ್ತ ಮಕ್ಕಳು, ಮೊಮ್ಮಕ್ಕಳು. ಯಾರೋ ಒಬ್ಬ ಹೆಂಗಸು ಅವರ ಕೈ ಹಿಡಿದು ಅಳುತ್ತಿದ್ದಾಳೆ. ವೈದ್ಯರು ತಲೆ ತಗ್ಗಿಸಿದರು. ಇತ್ತ ಕುರ್ಚಿಯಲ್ಲಿ ಕೂತ ಮ್ಯಾನೇಜರ್ ಪುಟ್ಟ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಡ್ರೈವರ್ ಸದ್ದಿಲ್ಲದೆ ಕೀಲಿ ಮೇಜಿನ ಮೇಲಿಟ್ಟು ಬಂದ. ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಭಟ್ ಭಾಯಿ, ಉಸ್ತಾದ್ ಹೋದರು. ಟೀವಿಯಲ್ಲಿ ತೋರಿಸುತ್ತಿದ್ದಾರೆ” ಎಂದ. ನನಗೂ ಹತ್ತಿರದ ನಂಟರೊಬ್ಬರು ಹೋದಷ್ಟೇ ಬೇಜಾರು. ವಾರಕ್ಕೆ ಏಳು ಗಂಟೆ ಜೊತೆಗಿದ್ದವರು ತಾನೇ.

ಮರುದಿನ ಊಟದ ಹೊತ್ತಿಗೆ ಡ್ರೈವರ್ ಇಡೀ ಸೈಟಿಗೆ ಸುದ್ದಿ ಮುಟ್ಟಿಸಿದ್ದ. ಮೆಸ್ಸಿನಲ್ಲಿ ಮ್ಯಾನೇಜರ್ ಸೂಪಿನ ಚಮಚ ಎತ್ತಿದ್ದೇ ತಡ, ಫೋರ್‌ಮನ್‌ಗಳು ಒಬ್ಬೊಬ್ಬರಾಗಿ ಬಂದು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ದೇವರು ನಿಮಗೆ ಸಹಿಸುವ ಶಕ್ತಿ ಕೊಡಲಿ ಸರ್” ಎಂದು ಹೇಳಿ ಹೋಗತೊಡಗಿದರು. ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. ಪ್ರತಿಯೊಬ್ಬರಿಗೂ ಬಗ್ಗಿ ವಂದಿಸಿದರು. ಏಳನೆಯವನು ಬಂದು ಹೋದ ಮೇಲೆ ಮುಖ ಬಿಳುಚಿಕೊಂಡು ಎದ್ದು, ಹೊರಗೆ ಹೋಗಿ ಟೋಕಿಯೊದ ಹೆಡ್ ಆಫೀಸಿಗೆ ಫೋನ್ ಮಾಡಿದರು. ಅಲ್ಲಿ ಎಲ್ಲರೂ ಕ್ಷೇಮ. ಮನೆಗೆ ಮಾಡಿದರು, ಹೆಂಡತಿಯೂ ಕ್ಷೇಮ. ಆಮೇಲೆ ನನ್ನ ಬಳಿ ಬಂದು, “ಬತ್ತೊ-ಸಾನ್, ಸತ್ತವರು ಯಾರು?” ಎಂದು ಕೇಳಿದರು.

ನಾನು ಹೇಳಿದೆ. ಅವರು ಡ್ರೈವರನನ್ನು ಕರೆಸಿ, ಹಿಂದಿನ ವಾರವಷ್ಟೇ ನಡೆದ ಕಾರ್ಯಕ್ರಮವೊಂದರಲ್ಲಿ ಉಸ್ತಾದ್ ನಿಂತು ಹಾಡುತ್ತಿದ್ದ ವಿಡಿಯೋ ತೋರಿಸಿ, ಧಾರಾವಾಹಿ ಎಂದರೇನೆಂದು ವಿವರಿಸಿದರು. ಡ್ರೈವರನಿಗೆ ಸಮಾಧಾನವಾಯಿತು, ಆದರೆ ಸ್ವಲ್ಪ ಸಿಟ್ಟೂ ಬಂತು.

“ನಿನ್ನೆಯಿಂದ ಪ್ರತಿ ನಮಾಜಿನಲ್ಲಿ ಅವರಿಗಾಗಿ ದುವಾ ಮಾಡಿದ್ದೆ ಸಾಬ್. ಎಲ್ಲ ವ್ಯರ್ಥವಾಯಿತು.”

ನಾನು ತರ್ಜುಮೆ ಮಾಡಿದೆ. ಮ್ಯಾನೇಜರ್ ತಲೆಯಾಡಿಸಿ, “ವ್ಯರ್ಥ ಆಗಲಿಲ್ಲ. ಬದುಕಿಬಂದಿದ್ದಾರೆ, ನೋಡು” ಎಂದು ಮತ್ತೊಮ್ಮೆ ವಿಡಿಯೋ ತೋರಿಸಿದರು.

ಇನ್ನೂರು ಜನ ಎದ್ದುನಿಂತದ್ದು

ಸೈಟಿನಲ್ಲಿ ಅಪಘಾತವಿಲ್ಲದೆ ಇಂತಿಷ್ಟು ಕಾಲ ಕೆಲಸ ನಡೆದರೆ ಒಂದು ಸಣ್ಣ ಸಮಾರಂಭ. ಭಾಷಣ, ಕೇಕು, ಎಲ್ಲರಿಗೂ ಬಿರಿಯಾನಿ. ಆ ಸಲ ರಿಫೈನರಿಯ ಕಡೆಯಿಂದ ಒಬ್ಬ ಎಮಿರಾತಿ ಅಧಿಕಾರಿಯೂ ಬಂದಿದ್ದರು. ಮೊದಲು ಈ ದೇಶದ ರಾಷ್ಟ್ರಗೀತೆ, ಆಮೇಲೆ ಜಪಾನಿನ ರಾಷ್ಟ್ರಗೀತೆ ಎಂದು ತೀರ್ಮಾನ. ಸ್ಪೀಕರಿನ ಜವಾಬ್ದಾರಿ ಸ್ಟೋರ್‌ಕೀಪರನದು, ನಮ್ಮ ಮಂಗಳೂರಿನವನೇ.

“ಭಟ್ರೇ, ಜಪಾನಿದ್ದು ನಿಮ್ಮ ಹತ್ರ ಉಂಟಾ?” ಎಂದು ಕೇಳಿದ. ಬೇರೇನೋ ಯೋಚನೆಯಲ್ಲಿದ್ದ ನಾನು ‘ಉಂಟು’ ಎಂದು ಪೆನ್‌ಡ್ರೈವ್ ಕೊಟ್ಟೆ.

ಮೊದಲ ಗೀತೆ ಮುಗಿಯಿತು. ಎಲ್ಲರೂ ನಿಂತೇ ಇದ್ದರು. ಎರಡನೆಯದಕ್ಕೆ ಗಿಟಾರ್ ಮೊದಲಾದಾಗ ನನಗೆ ತಪ್ಪು ಹೊಳೆಯಿತು. ಉಸ್ತಾದರ ಹಾಡು, ಅದೂ ಎಲ್ಲಕ್ಕಿಂತ ಉದ್ದದ್ದು, ಆರು ನಿಮಿಷದ್ದು. ಮ್ಯಾನೇಜರ್ ಗೊತ್ತಾದ ಕೂಡಲೇ ಕೂರಲು ಹೋದರು. ಆದರೆ ಪಕ್ಕದಲ್ಲಿ ಎಮಿರಾತಿ ಅಧಿಕಾರಿ ಎದೆ ಸೆಟೆಸಿ ನಿಂತಿದ್ದಾರೆ. ಎದುರಿಗೆ ಇನ್ನೂರು ಜನ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡು ಅಲುಗಾಡದೆ ನಿಂತಿದ್ದಾರೆ. ಅರ್ಧ ಬಗ್ಗಿದ್ದ ಮ್ಯಾನೇಜರ್ ಹಾಗೇ ನೆಟ್ಟಗಾದರು. ಹಾಡಿನ ನಡುವೆ ಒಂದು ಕಡೆ ಉಸ್ತಾದ್ ಗಿಟಾರ್ ನಿಲ್ಲಿಸಿ ಏನೋ ಮಾತಾಡಿ ಸಣ್ಣಗೆ ನಗುತ್ತಾರೆ. ಆಗಲೂ ಯಾರೂ ನಗಲಿಲ್ಲ.

ಮುಗಿದ ಮೇಲೆ ಸ್ಟೋರ್‌ಕೀಪರ್ ನನ್ನ ಕಿವಿಯಲ್ಲಿ, “ನಮ್ಮದು ಒಂದು ನಿಮಿಷದೊಳಗೆ ಮುಗೀತದೆ ಮಾರಾಯ್ರೆ. ದೇಶ ಅಷ್ಟು ಸಣ್ಣದು, ಹಾಡು ಇಷ್ಟು ದೊಡ್ಡದಾ?” ಎಂದ.

ಬಿರಿಯಾನಿ ಹೊತ್ತಿಗೆ ಬಿಹಾರದ ಒಬ್ಬ ಹಿರಿಯ ಫೋರ್‌ಮನ್ ಮ್ಯಾನೇಜರ ಬಳಿ ಬಂದ. “ಸಾಬ್, ನಿಮ್ಮ ದೇಶದ ಗೀತೆ ಕೇಳಿ ಮನಸ್ಸು ತುಂಬಿತು. ಅದರ ಅರ್ಥ ಏನು?”

ಮ್ಯಾನೇಜರಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಅದು ರಾಷ್ಟ್ರಗೀತೆ ಅಲ್ಲ ಎಂದರೆ ಸ್ಟೋರ್‌ಕೀಪರನಿಗೆ ಮೆಮೊ ಹೋಗುತ್ತದೆ. ಸ್ವಲ್ಪ ಯೋಚಿಸಿ ಹಾಡಿನಲ್ಲಿದ್ದದ್ದನ್ನೇ ಹೇಳಿದರು: “ಒಬ್ಬ ಬಸ್ಸಿಗೆ ಕಾಯುತ್ತಾನೆ. ಬಸ್ಸು ಬರುವುದಿಲ್ಲ. ಆದರೂ ಕಾಯುತ್ತಾನೆ.”

ಫೋರ್‌ಮನ್ ಬಿರಿಯಾನಿ ತಟ್ಟೆ ಹಿಡಿದು ಗಂಭೀರನಾಗಿ ತಲೆಯಾಡಿಸಿದ. “ನಮ್ಮ ಜಿಲ್ಲೆಯಲ್ಲೂ ಅದೇ ಕಥೆ ಸಾಬ್. ಆದರೆ ನಾವು ಅದಕ್ಕೆ ಹಾಡು ಕಟ್ಟಿಲ್ಲ.”

ಮಗಳು ಕನ್ನಡ ಕಲಿತದ್ದು

ಆಫೀಸಿನಿಂದ ಎರಡು ಬೀದಿ ಆಚೆ ಒಂದು ಪುಟ್ಟ ಜಪಾನಿ ಹೋಟೆಲಿತ್ತು. ಮಧ್ಯಾಹ್ನದ ಊಟದ ಜೊತೆ ಕರೋಕೆಯೂ ಉಂಟು: ಪರದೆಯಲ್ಲಿ ಅಕ್ಷರ ಬರುತ್ತದೆ, ನೋಡಿಕೊಂಡು ಹಾಡುವುದು. ಮ್ಯಾನೇಜರ್ ಒತ್ತಾಯಕ್ಕೆ ನಾನೂ ಒಂದೆರಡು ಹಾಡು ಹಾಡಬೇಕಾಗುತ್ತಿತ್ತು. ಪರದೆಯ ಅಕ್ಷರ ನನಗೆ ಬಾರದು. ಹಾಗಾಗಿ ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡ ಚೀಟಿಗಳು ಜೇಬಿನಲ್ಲಿರುತ್ತಿದ್ದವು. ಜಪಾನಿ ಮಾತು ಕನ್ನಡ ಕಾಗುಣಿತಕ್ಕೆ ಹೇಳಿಮಾಡಿಸಿದ ಹಾಗೆ ಕೂರುತ್ತದೆ.

ಒಂದು ದಿನ ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳ ಕೈಗೆ ಆ ಚೀಟಿ ಸಿಕ್ಕಿತು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುವ ಮಗು. ಅವಳ ಸ್ಕೂಲಿನಲ್ಲಿ ಅರಬ್ಬಿ ಇತ್ತು, ಹಿಂದಿ ಇತ್ತು. ಕನ್ನಡ ಕಲಿಸಲು ನಾವು ತಂದಿಟ್ಟಿದ್ದ ಪುಸ್ತಕ ಹಾಗೇ ಇತ್ತು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಪಪ್ಪಾ, ಈಸ್ ದಿಸ್ ಜಾಪನೀಸ್?” ಎಂದು ಕೇಳಿದಳು.

ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ ದಿನ ಊಟ ಸೇರಲಿಲ್ಲ.

ಆದರೆ ಮಗಳಿಗೆ ಆ ಹಾಡುಗಳು ಇಷ್ಟ. ಅಜ್ಜಿಯ ಜೊತೆ ಕೂತು ತಾಳ ಹಾಕಿದವಳು. ಪಪ್ಪನ ಹಾಗೆ ನೋಡಿಕೊಂಡು ಹಾಡಬೇಕು ಎಂದು ಹಟ ಹಿಡಿದಳು. ಹಾಗಾದರೆ ಈ ಅಕ್ಷರ ಕಲಿಯಬೇಕು ಎಂದೆ. ಕಲಿತಳು. ಪುಸ್ತಕದಿಂದ ಎರಡು ವರ್ಷದಲ್ಲಿ ಆಗದ್ದು ಉಸ್ತಾದರ ಚೀಟಿಯಿಂದ ಎರಡು ತಿಂಗಳಲ್ಲಿ ಆಯಿತು. ಕೊಂಬು, ಕೊಂಬಿನ ದೀರ್ಘ, ಏತ್ವ, ಒತ್ತಕ್ಷರ, ಯಾವುದಕ್ಕೂ ತಡವರಿಸುತ್ತಿರಲಿಲ್ಲ. ನನ್ನ ಹೆಂಡತಿ ಖುಷಿಯಿಂದ ಊರಿಗೆ ಫೋನ್ ಮಾಡಿ, “ಅತ್ತೆ, ಮಗು ಕನ್ನಡ ಓದುತ್ತೆ, ಕೇಳಿ” ಎಂದು ಮಗಳ ಕೈಗೆ ಫೋನ್ ಕೊಟ್ಟಳು. ಅವಳು ಕೈಗೆ ಸಿಕ್ಕ ಚೀಟಿಯನ್ನೇ ಎತ್ತಿಕೊಂಡು ಗಡಗಡನೆ ಇಡೀ ಪುಟ ಓದಿದಳು.

ಆ ಕಡೆಯಿಂದ ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕರೆದು ಹೇಳಿದರು: “ಚಂದ ಓದತ್ತ್ ಮಾಣಿ. ಆರೆ ಒಂದ್ ಅಕ್ಷರ ಅರ್ಥ ಆಯ್ಲಿಲ್ಲ. ಮೈಸೂರ್ ಬದಿ ಕನ್ನಡ ಅಲ್ದಾ.”

ದೊಡ್ಡ ಸಾಹೇಬರ ಮುಂದೆ

ಮ್ಯಾನೇಜರ್ ಈಗ ನಿವೃತ್ತರಾಗಿ ತಮ್ಮ ಊರಿನಲ್ಲಿದ್ದಾರೆ. ಆ ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಕಡೆ ಹೋದಾಗ ಅಲ್ಲಿ ನಡೆದ ಒಂದು ಮಧ್ಯಾಹ್ನ ನೆನಪಾಗಿ ಕಾಲು ತಾನಾಗಿ ನಿಲ್ಲುತ್ತದೆ.

ರುವೈಸಿನ ಕೆಲಸ ಮುಗಿಯುತ್ತ ಬಂದಿತ್ತು. ದುಬೈ ಆಫೀಸು ಇರಬೇಕೋ ಮುಚ್ಚಬೇಕೋ ಎಂದು ನೋಡಲು ಟೋಕಿಯೊದ ಹೆಡ್ ಆಫೀಸಿನಿಂದ ಡೈರೆಕ್ಟರ್ ಬಂದರು. ಮುಚ್ಚಿದರೆ ನಮ್ಮೆಲ್ಲರ ವೀಸಾ ಖಲಾಸ್. ಡ್ರೈವರ್ ಪೇಶಾವರಕ್ಕೆ, ನಾನು ಕುಂದಾಪುರಕ್ಕೆ. ಮಗಳ ಸ್ಕೂಲಿನ ವರ್ಷ ಇನ್ನೂ ಅರ್ಧ ಬಾಕಿ. ಡೈರೆಕ್ಟರ್ ದಪ್ಪಗಿನವರು, ಮಾತು ಕಡಿಮೆ. ಮೂರು ದಿನ ಫೈಲು ನೋಡಿದರು, ಏನೂ ಹೇಳಲಿಲ್ಲ. ಹೊರಡುವ ಗುರುವಾರ ಆ ಹೋಟೆಲಿನಲ್ಲಿ ಊಟ. ನಾವು ಏಳೆಂಟು ಜನ. ಒಂದು ಕಡೆ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

ಊಟದ ನಡುವೆ ಡೈರೆಕ್ಟರ್ ನನ್ನ ಕಡೆ ತಿರುಗಿ, “ಜಪಾನಿ ಹಾಡು ಹಾಡುವ ಭಾರತೀಯ ನೀವೇ ಏನು? ಒಂದು ಹಾಡಿ” ಎಂದರು.

ಇದು ದೇವರು ಕೊಟ್ಟ ಅವಕಾಶ ಎಂದುಕೊಂಡೆ. ಚೀಟಿ ಬೇಡದ ಒಂದೇ ಹಾಡು ನನಗೆ ಬಾಯಿಗೆ ಬರುತ್ತಿತ್ತು. ಹೆಸರಿನ ಪ್ರಕಾರ ಬಂದರು ಬಿಟ್ಟುಹೋಗುವ ಹಡಗಿನ ಹಾಡು ಅದು, ಅಷ್ಟನ್ನು ಮ್ಯಾನೇಜರ್ ಹೇಳಿದ್ದರು. ರುವೈಸಿನಿಂದ ಹಿಂದಿರುಗುವಾಗ ಆ ಹಾಡು ಬಂದರೆ ಮ್ಯಾನೇಜರ್ ಕಿಟಕಿಯ ಕಡೆ ಮುಖಮಾಡಿ ಉಸ್ತಾದರಿಗಿಂತ ಜೋರಾಗಿ ಹಾಡುತ್ತಿದ್ದರು. ಅವರ ಕಣ್ಣು ತುಂಬಿರುತ್ತಿತ್ತು. ಉಸ್ತಾದರ ದನಿ ಕೇಳುತ್ತಲೇ ಇರಲಿಲ್ಲ. ಮೂರು ವರ್ಷ ಪ್ರತಿ ಸೋಮವಾರ ಕೇಳಿ ಕೇಳಿ ನಾನು ಕಲಿತದ್ದು ಮ್ಯಾನೇಜರ ಬಾಯಿಂದ.

ಎದ್ದು ನಿಂತು ಶುರುಮಾಡಿದೆ. ಮೊದಲ ಸಾಲಿಗೆ ಡೈರೆಕ್ಟರ್ ನಸುನಕ್ಕರು. ಮೂರನೆಯ ಸಾಲಿಗೆ ಅವರ ಕೈಯಲ್ಲಿದ್ದ ಊಟದ ಕಡ್ಡಿಗಳು ಅರ್ಧದಲ್ಲೇ ನಿಂತವು. ಹೊಸದಾಗಿ ಬಂದಿದ್ದ ಜಪಾನಿ ಇಂಜಿನಿಯರ್ ಏನೋ ಬಿದ್ದಿತು ಎನ್ನುವಂತೆ ಮೇಜಿನ ಕೆಳಗೆ ಹೋದವನು ಮೇಲೆ ಬರಲಿಲ್ಲ. ಮ್ಯಾನೇಜರ್ ಗೋಡೆ ನೋಡುತ್ತಿದ್ದರು. ಹಾಡು ಇವರನ್ನು ಇಷ್ಟು ಕಲಕಿತಲ್ಲ ಎಂದು ನನಗೆ ಉತ್ಸಾಹ ಬಂತು. ಎರಡನೆಯ ಚರಣವನ್ನೂ ಎತ್ತಿಕೊಂಡೆ. ಮ್ಯಾನೇಜರ್ ಹಿಂದಿನ ಸೀಟಿನಲ್ಲಿ ಮಾಡುತ್ತಿದ್ದ ಹಾಗೆ ಒಂದು ಜಾಗದಲ್ಲಿ ಮುಷ್ಟಿಯನ್ನೂ ಆಡಿಸಿದೆ.

ಮುಗಿದಾಗ ಮ್ಯಾನೇಜರ್ ಎದ್ದು ಸೊಂಟದವರೆಗೆ ಬಗ್ಗಿದವರು ಹಾಗೇ ಉಳಿದರು. ಡೈರೆಕ್ಟರ್ ನನ್ನನ್ನು ಕೇಳಿದರು: “ಎಲ್ಲಿ ಕಲಿತಿರಿ?”

“ಕಾರಿನಲ್ಲಿ ಸರ್. ನಮ್ಮ ಮ್ಯಾನೇಜರ್ ಪ್ರತಿ ಸೋಮವಾರ ಹಾಡುತ್ತಾರೆ.”

“ಅರ್ಥ ಗೊತ್ತೇ?”

“ಇಲ್ಲ ಸರ್. ಆದರೆ ಬಹಳ ಆಳದ ಹಾಡು. ಹಾಡುವಾಗ ಅವರ ಕಣ್ಣಲ್ಲಿ ನೀರು ಬರುತ್ತದೆ.”

ಡೈರೆಕ್ಟರ್ ನೀರು ಕುಡಿದು ಲೋಟ ಇಟ್ಟರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು, ಹೆಗಲು ಕುಲುಕಿತು, ಕಡೆಗೆ ದನಿಯೂ ಬಂತು. ಮೂರು ದಿನದಲ್ಲಿ ಅವರು ನಕ್ಕದ್ದನ್ನು ಅಂದೇ ನೋಡಿದ್ದು. ಕಣ್ಣೊರೆಸಿಕೊಂಡು ನಮಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಹೇಳಿದರು: “ನಾನೂ ಮರುಭೂಮಿಯ ಸೈಟಿನಲ್ಲಿದ್ದವನು. ನನ್ನ ಡೈರೆಕ್ಟರ್ ಮೇಲೆ ನಾನು ಕಟ್ಟಿದ್ದು ಒಂದೇ ಚರಣ. ಇವರು ಎರಡು ಕಟ್ಟಿದ್ದಾರೆ. ಇಂಥವರನ್ನು ಟೋಕಿಯೊಗೆ ಕರೆಸಿದರೆ ನನ್ನ ಪಕ್ಕದ ಕೋಣೆಯಲ್ಲೇ ಕೂತು ಹಾಡುತ್ತಾರೆ. ಇನ್ನೂ ಎರಡು ವರ್ಷ ಇಲ್ಲೇ ಇರಲಿ, ಆಫೀಸೂ ಇರಲಿ.”

ಹೊರಡುವಾಗ ಬಾಗಿಲ ಬಳಿ ಅವರು ನನ್ನನ್ನು ಹತ್ತಿರ ಕರೆದರು. ತಲೆ ಬಗ್ಗಿಸಿ ಎರಡೂ ಕಿವಿಗಳ ಹಿಂದೆ ಬೆರಳಿಟ್ಟು ತೋರಿಸಿ, “ಇಲ್ಲಿ ಕೂದಲಿದೆ. ನೋಡಿದಿರಾ? ಮುಂದಿನ ಸಲ ಹಾಡುವಾಗ ತಿದ್ದಿಕೊಳ್ಳಿ” ಎಂದರು. ಏನೆಂದು ತಿಳಿಯದೆ ನಾನು “ಯೆಸ್ ಸರ್” ಎಂದೆ.

ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಮರಳುವಾಗ ಕಾರಿನಲ್ಲಿ ಮ್ಯಾನೇಜರ್ ಅರ್ಥ ಹೇಳಿದರು, ಒಂದೊಂದೇ ಸಾಲು. ಹಡಗಿನ ಹಾಡಿನಲ್ಲಿ ಹಡಗೇ ಇರಲಿಲ್ಲ. ರಾಗ ಉಸ್ತಾದರದು, ಮಾತು ಮ್ಯಾನೇಜರೇ ಕಟ್ಟಿದ್ದು: ಟೋಕಿಯೊದಲ್ಲಿ ತಣ್ಣಗೆ ಕೂತು ದಿನಕ್ಕೆ ಮೂರು ರಿಪೋರ್ಟ್ ಕೇಳುವ ಬೋಳುತಲೆಯವನೇ, ನಿನ್ನ ಜೀವಮಾನದಲ್ಲಿ ಒಂದಾದರೂ ವಾಲ್ವ್ ತಿರುಗಿಸಿದ್ದೀಯಾ, ಒಂದು ಸಲ ಜೂಲೈ ತಿಂಗಳಲ್ಲಿ ರುವೈಸಿಗೆ ಬಾ, ನಿನ್ನ ಬೋಳಿನ ಮೇಲೆ ಮೊಟ್ಟೆ ಬೇಯಿಸಿಕೊಡುತ್ತೇನೆ. ಮುಷ್ಟಿ ಬರುವುದು ಮೊಟ್ಟೆ ಒಡೆಯುವ ಜಾಗಕ್ಕೆ. ನಾನು ಹಿಂದಿಗೆ ತಿರುಗಿಸಿ ಹೇಳುತ್ತಿದ್ದಂತೆ ಡ್ರೈವರ್ ನಗು ತಡೆಯಲಾರದೆ ಕಾರನ್ನು ಪಕ್ಕಕ್ಕೆ ಹಾಕಿದ.

ನಗೆಯೆಲ್ಲ ಇಳಿದ ಮೇಲೆ ನಾನು ಕೇಳಿದೆ: “ಹಾಗಾದರೆ ಸರ್, ಆ ಹಾಡಿನ ನಿಜವಾದ ಮಾತು ಯಾವುದು? ಅದನ್ನು ಕಲಿಸಿ.”

ಮ್ಯಾನೇಜರ್ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ಆಮೇಲೆ ಟವೆಲ್ಲು ಮಡಚಿ ಜೇಬಿಗಿಟ್ಟುಕೊಂಡು ಹೇಳಿದರು: “ಗೊತ್ತಿಲ್ಲ ಬತ್ತೊ-ಸಾನ್. ನಾನು ಜೋರಾಗಿ ಹಾಡುತ್ತಿರುತ್ತೇನೆ, ಅವರು ಹಾಡಿದ್ದು ನನಗೂ ಕೇಳಿಸಿಲ್ಲ.”